ಗೆದ್ದವನು ಯಾರು? ಅಮೆರಿಕದ ಸ್ಟಾಕ್ ಕಾರು ಪಂದ್ಯಗಳ ಚರಿತ್ರೆಯಲ್ಲಿ ಮೂರು ತೀರ್ಪುಗಳು

ಪಂದ್ಯಗಳ ಇತಿಹಾಸವೆಂದರೆ ಗೆದ್ದವರ ಹೆಸರುಗಳ ಪಟ್ಟಿಯೆಂದು ಅನೇಕರು ಭಾವಿಸುವುದುಂಟು. ಆ ಪಟ್ಟಿಯನ್ನು ಬರೆದವರಾರು, ಯಾವ ಅಧಿಕಾರದಿಂದ ಬರೆದರು ಎಂಬ ಪ್ರಶ್ನೆಯನ್ನೆತ್ತಿದಾಗಲೇ ಅದು ಇತಿಹಾಸವೆನಿಸುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ‘ನ್ಯಾಸ್ಕಾರ್’ ಎಂಬ ರಾಷ್ಟ್ರೀಯ ಪಂದ್ಯಮಾಲೆಯು ಈ ವಿವೇಚನೆಗೆ ತಕ್ಕ ನಿದರ್ಶನ. ಅದರ ಮೊದಲ ಹದಿನಾರು ವರ್ಷಗಳ ಮೂರು ಪ್ರಸಿದ್ಧ ಸಂದರ್ಭಗಳಲ್ಲಿ, ಪಂದ್ಯದ ಕೊನೆಗೆ ಗೆದ್ದನೆಂದು ತೋರಿದವನೊಬ್ಬ, ದಾಖಲೆಯಲ್ಲಿ ನಿಂತವನು ಮತ್ತೊಬ್ಬ. ಆ ಮೂರು ತೀರ್ಪುಗಳ ಮೂಲಕ ಸಂಸ್ಥೆಯ ಸ್ವರೂಪವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸ್ಟಾಕ್ ಕಾರೆಂದರೆ ಆರಂಭದಲ್ಲಿ ಪಂದ್ಯಕ್ಕೆಂದೇ ನಿರ್ಮಿಸಿದ ವಾಹನವಾಗಿರಲಿಲ್ಲ; ಅಂಗಡಿಯ ದಾಸ್ತಾನಿನಲ್ಲಿ ಮಾರಾಟಕ್ಕಿದ್ದ ಸಾಮಾನ್ಯ ಕಾರಾಗಿತ್ತು. ಅದನ್ನು ಓಡಿಸುವ ಕಲೆಯಾದರೋ ದಕ್ಷಿಣ ಪ್ರಾಂತ್ಯಗಳ ಗುಡ್ಡಗಾಡುಗಳಲ್ಲಿ ಬೆಳೆಯಿತು. 1920ರಿಂದ 1933ರವರೆಗೆ ಆ ದೇಶದಲ್ಲಿ ಪಾನನಿರೋಧ ಜಾರಿಯಲ್ಲಿತ್ತು. ಅದು ರದ್ದಾದ ಮೇಲೂ ತೆರಿಗೆ ತಪ್ಪಿಸುವ ಕಳ್ಳಭಟ್ಟಿಯ ವ್ಯಾಪಾರ ನಿಲ್ಲಲಿಲ್ಲ. ಸಾರಾಯಿ ತುಂಬಿದ ಕಾರನ್ನು ಅಬಕಾರಿ ಅಧಿಕಾರಿಗಳ ಕೈಗೆ ಸಿಕ್ಕದಂತೆ ರಾತ್ರಿಯ ವೇಳೆ ಬೆಟ್ಟದ ದಾರಿಯಲ್ಲಿ ಓಡಿಸಬೇಕಾಗಿದ್ದ ತರುಣರು ಯಂತ್ರವನ್ನು ತಿದ್ದುವುದನ್ನೂ ತಿರುವಿನಲ್ಲಿ ವೇಗ ಕಳೆದುಕೊಳ್ಳದಿರುವುದನ್ನೂ ಕಲಿತರು. ಮಣ್ಣಿನ ಪಥಗಳಲ್ಲಿ ಪಂದ್ಯ ಕಟ್ಟಿ ಓಡಿದವರಲ್ಲಿ ಇಂಥವರು ಹಲವರಿದ್ದರು. ಆದರೆ ಆ ಪಂದ್ಯಗಳಿಗೆ ಏಕರೂಪದ ನಿಯಮವಿರಲಿಲ್ಲ. ಬಹುಮಾನದ ಹಣವನ್ನು ಕೊಡದೆ ಪರಾರಿಯಾಗುವ ವ್ಯವಸ್ಥಾಪಕರೂ ಇದ್ದರು.

ಈ ಅರಾಜಕತೆಗೆ ಕಟ್ಟುಪಾಡನ್ನು ತಂದವನು ಫ್ಲಾರಿಡ ಪ್ರಾಂತ್ಯದ ಡೇಟೋನ ಬೀಚಿನಲ್ಲಿ ನೆಲೆಸಿದ್ದ ಮೋಟಾರು ಮೆಕ್ಯಾನಿಕ್ ವಿಲಿಯಂ ಫ್ರಾನ್ಸ್. 1947ರ ಡಿಸೆಂಬರ್ 14ರಂದು ಅಲ್ಲಿಯ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಅವನು ಕರೆದ ಸಭೆ ಆರಂಭವಾಯಿತು. 1948ರ ಫೆಬ್ರುವರಿ 21ರಂದು ಸಂಸ್ಥೆ ನೋಂದಣಿಯಾಯಿತು. ‘ಸ್ಟಾಕ್ ಕಾರು ಪಂದ್ಯಗಳ ರಾಷ್ಟ್ರೀಯ ಸಂಘ’ ಎಂಬುದು ಅದರ ಹೆಸರಿನ ಅರ್ಥ. ಸಂಘವೆಂದೊಡನೆ ನಮಗೆ ಮಹಾಸಭೆ, ಚುನಾವಣೆ, ಲೆಕ್ಕಪತ್ರದ ಮಂಡನೆ ಇವು ನೆನಪಾಗುತ್ತವೆ. ಇಲ್ಲಿ ಅಂಥದೇನೂ ಇರಲಿಲ್ಲ. ಹೆಸರಿನಿಂದ ಸಂಘವಾದರೂ ಅದು ಖಾಸಗಿ ಕಂಪನಿ. ಅದರ ಸೂತ್ರ ಫ್ರಾನ್ಸ್ ಮನೆತನದ ಕೈಯಲ್ಲಿ ನೆಲೆಗೊಂಡಿತು. ಮುಂದಿನ ಕಥೆಯನ್ನೆಲ್ಲ ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು.

ಮೊದಲನೆಯ ತೀರ್ಪು 1949ರ ಜೂನ್ 19ರದು. ಉತ್ತರ ಕ್ಯಾರೊಲಿನದ ಷಾರ್ಲಟ್ ನಗರದಲ್ಲಿ, ಮುಕ್ಕಾಲು ಮೈಲಿ ಸುತ್ತಳತೆಯ ಮಣ್ಣಿನ ಪಥದಲ್ಲಿ, ಕಟ್ಟುನಿಟ್ಟಾಗಿ ಸ್ಟಾಕ್ ಕಾರುಗಳಿಗೇ ಮೀಸಲಾದ ಮೊದಲ ಪಂದ್ಯ ನಡೆಯಿತು. ಸಾರಾ ಕ್ರಿಶ್ಚಿಯನ್ ಎಂಬ ಮಹಿಳೆಯೂ ಅದರಲ್ಲಿ ಭಾಗವಹಿಸಿದ್ದಳು. ಗ್ಲೆನ್ ಡನವೇ ಎಂಬವನು ಫೋರ್ಡ್ ಕಾರಿನಲ್ಲಿ ಎಲ್ಲರಿಗಿಂತ ಮುಂದೆ ಬಂದನು. ಪರೀಕ್ಷಿಸಿ ನೋಡಿದಾಗ ಕಾರಿನ ಹಿಂದಿನ ಸ್ಪ್ರಿಂಗುಗಳನ್ನು ಮಾರ್ಪಡಿಸಿದ್ದುದು ಕಂಡುಬಂದಿತು. ಸಾರಾಯಿಯ ಭಾರಕ್ಕೆ ಕಾರಿನ ಹಿಂಭಾಗ ಕುಗ್ಗದಿರಲೆಂದು ಕಳ್ಳಸಾಗಣೆಗಾರರು ಮಾಡುತ್ತಿದ್ದ ಉಪಾಯವದು. ಡನವೇಯನ್ನು ಅನರ್ಹಗೊಳಿಸಿ, ಲಿಂಕನ್ ಕಾರನ್ನು ಓಡಿಸಿದ ಕ್ಯಾನ್ಸಸ್ ಪ್ರಾಂತ್ಯದ ಜಿಮ್ ರೋಪರನನ್ನು ವಿಜಯಿಯೆಂದು ಸಾರಲಾಯಿತು. ಕಾರಿನ ಒಡೆಯನು ನ್ಯಾಯಾಲಯದ ಮೊರೆಹೊಕ್ಕನು. ದಾವೆ ವಜಾ ಆಯಿತು. ನಿಯಮವನ್ನು ರಚಿಸುವ, ಅದರಂತೆ ದಂಡಿಸುವ ಅಧಿಕಾರ ಸಂಸ್ಥೆಯದೇ ಎಂಬುದು ಹೀಗೆ ಸ್ಥಿರಪಟ್ಟಿತು.

ಎರಡನೆಯದು 1959ರ ಫೆಬ್ರುವರಿ 22ರದು. ಡೇಟೋನದಲ್ಲಿ ಫ್ರಾನ್ಸನು ಕಟ್ಟಿಸಿದ ಎರಡೂವರೆ ಮೈಲಿಯ ಹೊಸ ಪಥದ ತಿರುವುಗಳಲ್ಲಿ ನೆಲ 31 ಡಿಗ್ರಿಗಳಷ್ಟು ಓರೆಯಾಗಿತ್ತು. ನಲವತ್ತು ಸಾವಿರಕ್ಕೂ ಮೀರಿದ ಪ್ರೇಕ್ಷಕರ ಮುಂದೆ ಐನೂರು ಮೈಲಿಗಳ ಓಟದ ಅಂತ್ಯದಲ್ಲಿ ಲೀ ಪೆಟಿ, ಜಾನಿ ಬೋಶಾಂ ಇಬ್ಬರೂ ಜೊತೆಜೊತೆಯಾಗಿ ಗೆರೆ ದಾಟಿದರು. ಮೊದಲು ಬೋಶಾಂನನ್ನೇ ವಿಜಯಿಯೆಂದು ಎಣಿಸಲಾಯಿತು. ಛಾಯಾಚಿತ್ರಗಳನ್ನೂ ವಾರ್ತಾಚಿತ್ರದ ಸುರುಳಿಗಳನ್ನೂ ತರಿಸಿ ನೋಡಿದ ಮೇಲೆ, ಮೂರನೆಯ ದಿನ, ಗೆಲುವು ಪೆಟಿಯದೆಂದು ಘೋಷಣೆ ಹೊರಟಿತು. ತಪ್ಪನ್ನು ತಿದ್ದಿಕೊಳ್ಳಲು ಸಂಸ್ಥೆ ಹಿಂಜರಿಯಲಿಲ್ಲ. ಸಾಕ್ಷ್ಯವನ್ನು ಹುಡುಕಿ ತರಿಸಿತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ನೋಡಬೇಕು.

ನಡುವೆ ಒಂದು ಮಾತು. 1961ರಲ್ಲಿ ಕರ್ಟಿಸ್ ಟರ್ನರ್, ಟಿಮ್ ಫ್ಲಾಕ್ ಎಂಬ ಹೆಸರಾಂತ ಚಾಲಕರು ತಮ್ಮವರನ್ನು ಕಾರ್ಮಿಕ ಸಂಘಕ್ಕೆ ಸೇರಿಸಲು ಯತ್ನಿಸಿದರು. ಫ್ರಾನ್ಸನು ಅವರನ್ನು ಆಜೀವ ಬಹಿಷ್ಕರಿಸಿದನು. ಬಹಿಷ್ಕಾರವನ್ನು ತೆಗೆದುದು 1965ರಲ್ಲಿ. ನಿಯಮಪಾಲನೆಗೆಂದು ದೊರೆತ ಅಧಿಕಾರ ಭಿನ್ನಮತವನ್ನು ಅಡಗಿಸಲೂ ಒದಗಿತು.

ಮೂರನೆಯ ತೀರ್ಪು 1963ರ ಡಿಸೆಂಬರ್ 1ರದು. ಸ್ಥಳ ಫ್ಲಾರಿಡದ ಜ್ಯಾಕ್ಸನ್‌ವಿಲ್. ವರ್ಜೀನಿಯ ಪ್ರಾಂತ್ಯದ ಡ್ಯಾನ್‌ವಿಲ್ ಊರಿನ ವೆಂಡಲ್ ಸ್ಕಾಟ್ ಕಪ್ಪು ಜನಾಂಗದವನು. ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್ಕನಾಗಿ ದುಡಿದವನು. ತನ್ನ ಕಾರನ್ನು ತಾನೇ ರಿಪೇರಿ ಮಾಡಿಕೊಂಡು ಓಡುತ್ತಿದ್ದವನು. ಅಂದು ಅವನು ಇತರರಿಗಿಂತ ಎರಡು ಸುತ್ತು ಮುಂದಿದ್ದನು. ಆದರೂ ಗೆಲುವಿನ ಬಾವುಟ ಬೀಸಿದ್ದು ಬಕ್ ಬೇಕರನಿಗೆ. ಪ್ರಶಸ್ತಿಯೂ ಅವನಿಗೇ ಸಂದಿತು. ಪ್ರೇಕ್ಷಕರೆಲ್ಲ ಚದರಿಹೋದ ಮೇಲೆ ಎಣಿಕೆಯನ್ನು ಪರಿಶೀಲಿಸಿ, ಸ್ಕಾಟನೇ ಗೆದ್ದವನೆಂದು ಒಪ್ಪಿಕೊಂಡರು. ಇದು ಎಣಿಕೆಯ ದೋಷವೆಂದು ಅಧಿಕಾರಿಗಳ ಸಮಜಾಯಿಷಿ. ಬಿಳಿಯ ಯುವತಿಯ ಕೈಯಿಂದ ಕರಿಯನೊಬ್ಬ ಪ್ರಶಸ್ತಿ ಪಡೆಯುವ ದೃಶ್ಯವನ್ನು ತಪ್ಪಿಸುವುದೇ ಉದ್ದೇಶವಾಗಿತ್ತೆಂದು ಸ್ಕಾಟನ ನಂಬಿಕೆ. ಬಹುಮಾನದ ಹಣ ಅವನಿಗೆ ಬಂದಿತು. ಆ ದಿನದ ಪ್ರಶಸ್ತಿ ಬರಲಿಲ್ಲ. ಅವನು 1990ರಲ್ಲಿ ತೀರಿಕೊಂಡನು. ಸಂಸ್ಥೆಯು ಅವನ ಕುಟುಂಬಕ್ಕೆ ಪ್ರಶಸ್ತಿಯನ್ನು ಒಪ್ಪಿಸಿದ್ದು 2021ರ ಆಗಸ್ಟಿನಲ್ಲಿ.

ಪಂದ್ಯಮಾಲೆ ಈ ನಡುವೆ ಬೃಹದಾಕಾರವಾಗಿ ಬೆಳೆದಿತ್ತು. 1971ರಲ್ಲಿ ರೇಡಿಯೋ, ಟೆಲಿವಿಷನ್‌ಗಳಲ್ಲಿ ಸಿಗರೇಟಿನ ಜಾಹೀರಾತು ನಿಷೇಧವಾದಾಗ ತಂಬಾಕು ಕಂಪನಿಯ ಹಣ ಇತ್ತ ಹರಿಯಿತು. ವರ್ಷದ 48 ಪಂದ್ಯಗಳು 1972ರಲ್ಲಿ 31ಕ್ಕೆ ಇಳಿದು, ಸಣ್ಣ ಊರುಗಳ ಹಲವು ಪಥಗಳು ಮರೆಯಾದವು. 1979ರ ಡೇಟೋನ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಟೆಲಿವಿಷನ್ ನೇರವಾಗಿ ಬಿತ್ತರಿಸಿತು. ಲೀ ಪೆಟಿಯ ಮಗ ರಿಚರ್ಡನು 1984ರಲ್ಲಿ ತನ್ನ ಇನ್ನೂರನೆಯ ಗೆಲುವನ್ನು ಪಡೆದನು. 2001ರಲ್ಲಿ ಡೇಲ್ ಅರ್ನ್‌ಹಾರ್ಟ್ ಡೇಟೋನದಲ್ಲಿ ಮಡಿದ ಮೇಲೆ ಕತ್ತಿನ ರಕ್ಷಣೆಯ ಸಾಧನ ಕಡ್ಡಾಯವಾಯಿತು. ಗುಲಾಮಗಿರಿಯ ಪಕ್ಷದ ಯುದ್ಧಧ್ವಜವನ್ನು ಪಂದ್ಯಸ್ಥಳಗಳಲ್ಲಿ ನಿಷೇಧಿಸಿದುದು 2020ರಲ್ಲಿ. ಮರುವರ್ಷ ಡ್ಯಾರೆಲ್ ವಾಲೆಸ್ ಗೆದ್ದಾಗ, ಉನ್ನತ ಶ್ರೇಣಿಯಲ್ಲಿ ಸ್ಕಾಟನ ತರುವಾಯ ಗೆದ್ದ ಮೊದಲ ಕಪ್ಪು ಚಾಲಕನಾದನು. ಅಷ್ಟರಲ್ಲಿ ಐವತ್ತೇಳು ವರ್ಷಗಳು ಸಂದಿದ್ದವು.

ಈ ಮೂರು ತೀರ್ಪುಗಳನ್ನು ಹೋಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಸ್ಪ್ರಿಂಗಿನ ದೋಷವನ್ನು ಹಿಡಿಯುವ ಕಣ್ಣು ಸಂಸ್ಥೆಗಿತ್ತು; ಎರಡಡಿಯ ಅಂತರವನ್ನು ಮೂರು ದಿನ ಕುಳಿತು ಅಳೆಯುವ ತಾಳ್ಮೆಯೂ ಇತ್ತು. ಎರಡು ಸುತ್ತುಗಳ ಅಂತರ ಮಾತ್ರ ಅಂದು ಸಕಾಲದಲ್ಲಿ ಕಾಣಲಿಲ್ಲ. ದಾಖಲೆಯಲ್ಲಿ ಹೆಸರು ಸರಿಯಾಗಿದ್ದರೂ ಸಭೆಯ ಮುಂದೆ ಸಲ್ಲಬೇಕಾದ ಮನ್ನಣೆ ಸಲ್ಲದೆ ಹೋದರೆ ನ್ಯಾಯ ಅರ್ಧದಲ್ಲೇ ಉಳಿಯುತ್ತದೆ. ಸುಮಾರು ಐವತ್ತೆಂಟು ವರ್ಷ ತಡವಾಗಿ ಬಂದ ಪ್ರಶಸ್ತಿ ಮಕ್ಕಳ ಕೈ ಸೇರಿತು. ಅದನ್ನು ಗೆದ್ದ ಕೈ ಆಗ ಇರಲಿಲ್ಲ.