ಸಿಸೇರಿಯನ್ ಹೆರಿಗೆ: ಎಣಿಕೆಯಿಂದ ವಿಂಗಡಣೆಗೆ

ರೋಮಿನ ಜೂಲಿಯಸ್ ಸೀಸರನನ್ನು ತಾಯಿಯ ಹೊಟ್ಟೆ ಕೊಯ್ದು ಹೊರತೆಗೆದರೆಂದೂ, ಅದರಿಂದಲೇ ಈ ಶಸ್ತ್ರಚಿಕಿತ್ಸೆಗೆ ಸಿಸೇರಿಯನ್ ಎಂಬ ಹೆಸರು ಬಂದಿತೆಂದೂ ಹೇಳುವುದುಂಟು. ಆದರೆ ಸೀಸರನ ತಾಯಿ ಆರೇಲಿಯಾ, ಮಗ ದೊಡ್ಡವನಾದ ಮೇಲೂ ಬದುಕಿದ್ದಳು. ಆ ಕಾಲದಲ್ಲಿ ಹೀಗೆ ಮಗುವನ್ನು ತೆಗೆಯುತ್ತಿದ್ದುದು ಸತ್ತ ಅಥವಾ ಸಾಯುತ್ತಿದ್ದ ಗರ್ಭಿಣಿಯ ಒಡಲಿನಿಂದ. ಆದುದರಿಂದ ಈ ಕಥೆಯನ್ನು ನಂಬುವುದು ಕಷ್ಟ.

19ನೆಯ ಶತಮಾನದ ಬಹುಭಾಗದವರೆಗೂ ಈ ಶಸ್ತ್ರಚಿಕಿತ್ಸೆಯಾದ ತಾಯಂದಿರಲ್ಲಿ ಹೆಚ್ಚಿನವರು ರಕ್ತಸ್ರಾವದಿಂದಲೋ ನಂಜಿನಿಂದಲೋ ಸಾಯುತ್ತಿದ್ದರು. ಕೊಯ್ದ ಗರ್ಭಕೋಶಕ್ಕೆ ಹೊಲಿಗೆ ಹಾಕುವ ಪದ್ಧತಿ ಆಗ ಬಳಕೆಗೆ ಬಂದಿರಲಿಲ್ಲ. 1876ರಲ್ಲಿ ಇಟಲಿಯ ಎಡ್ವಾರ್ಡೊ ಪೊರ್ರೊ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನು ಉಳಿಸಿದರು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶವನ್ನು ಹೊಲಿದು ಉಳಿಸಿಕೊಳ್ಳುವ ಕ್ರಮವನ್ನು ಪ್ರಚುರಪಡಿಸಿದರು. ಮುಂದೆ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಕ್ರಮ, ಸುರಕ್ಷಿತ ಅರಿವಳಿಕೆ, ರಕ್ತಪೂರಣ, ಪ್ರತಿಜೀವಕಗಳು ಬಂದವು. ಸಾವಿನ ಬಾಗಿಲಾಗಿದ್ದ ಶಸ್ತ್ರಚಿಕಿತ್ಸೆ ಜೀವ ಉಳಿಸುವ ಸಾಧನವಾಯಿತು.

ಸುರಕ್ಷಿತವಾದಂತೆ ಅದರ ಬಳಕೆಯೂ ಬೆಳೆಯಿತು. 10ರಿಂದ 15 ಶೇಕಡಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಸಮರ್ಥನೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಹೇಳಿತು. ಆದರೂ ಏರಿಕೆ ನಿಲ್ಲಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 2005-06ರಲ್ಲಿ ಶೇಕಡ 8.5 ಇದ್ದ ಪ್ರಮಾಣ 2019-21ರಲ್ಲಿ 21.5 ಆಯಿತು. ಇದೇ ಸಮೀಕ್ಷೆಯಲ್ಲಿ ಸರ್ಕಾರಿ ಆಸ್ಪತ್ರೆಗಳ ಪ್ರಮಾಣ 14.3, ಖಾಸಗಿ ಆಸ್ಪತ್ರೆಗಳದ್ದು 47.4. ಕರ್ನಾಟಕದ ಒಟ್ಟು ಪ್ರಮಾಣ 31.5.

ಈ ಅಂಕಿಗಳನ್ನು ಕಂಡೊಡನೆ ತಪ್ಪು ಯಾರದೆಂದು ತೀರ್ಮಾನಿಸಬಹುದೇ? ಒಂದು ಆಸ್ಪತ್ರೆಗೆ ಸುತ್ತಲ ಊರುಗಳಿಂದ ಅವಳಿ ಮಕ್ಕಳ, ಅಡ್ಡ ಮಲಗಿದ ಮಗುವಿನ, ಹಿಂದೆಯೇ ಸಿಸೇರಿಯನ್ ಆದ ಗರ್ಭಿಣಿಯರು ಬರುತ್ತಾರೆ. ಇನ್ನೊಂದಕ್ಕೆ ತೊಡಕಿಲ್ಲದವರೇ ಬರುತ್ತಾರೆ. ಇವೆರಡರ ಒಟ್ಟು ಶೇಕಡವನ್ನು ಹೋಲಿಸುವುದು ನ್ಯಾಯವಲ್ಲ. ಕಾರಣಗಳ ಪಟ್ಟಿಯೂ ಸಾಲದು. ಒಬ್ಬ ವೈದ್ಯರು 'ಹೆರಿಗೆ ಮುಂದುವರಿಯಲಿಲ್ಲ' ಎಂದು ಬರೆದುದನ್ನು ಇನ್ನೊಬ್ಬರು 'ಮಗುವಿಗೆ ತೊಂದರೆ' ಎಂದು ಬರೆಯಬಹುದು.

ಇದಕ್ಕೆ ಪರಿಹಾರವಾಗಿ ಮೈಕೆಲ್ ರಾಬ್ಸನ್ ಎಂಬ ವೈದ್ಯರು 2001ರಲ್ಲಿ ಹತ್ತು ಗುಂಪುಗಳ ವಿಂಗಡಣೆಯನ್ನು ಪ್ರಕಟಿಸಿದರು. ಅವರು ಶಸ್ತ್ರಚಿಕಿತ್ಸೆಯಾದವರನ್ನು ಮಾತ್ರವಲ್ಲ, ಹೆರಿಗೆಗೆ ಬಂದ ಎಲ್ಲರನ್ನೂ ವಿಂಗಡಿಸಿದರು. ಇದು ಚೊಚ್ಚಲ ಹೆರಿಗೆಯೇ? ಹಿಂದೆ ಸಿಸೇರಿಯನ್ ಆಗಿದೆಯೇ? ಮಗು ಒಂದೇ? ತಲೆ ಕೆಳಗಿದೆಯೇ? 37 ವಾರ ತುಂಬಿದೆಯೇ? ನೋವು ತಾನಾಗಿ ಬಂದಿತೇ? ಈ ಕೆಲವು ಪ್ರಶ್ನೆಗಳ ಉತ್ತರದಿಂದ ಪ್ರತಿಯೊಬ್ಬ ಗರ್ಭಿಣಿಯೂ ಒಂದೇ ಒಂದು ಗುಂಪಿಗೆ ಸೇರುತ್ತಾಳೆ. ಆಗ ಯಾವ ಗುಂಪಿನಲ್ಲಿ ಏರಿಕೆಯಾಗಿದೆ ಎಂಬುದು ತಿಳಿಯುತ್ತದೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕ್ರಮವನ್ನು ಎಲ್ಲೆಡೆ ಬಳಸುವಂತೆ ಸೂಚಿಸಿತು.

ಐದನೆಯ ಗುಂಪು ವಿಶೇಷ ಗಮನಕ್ಕೆ ಅರ್ಹ. ಅದರಲ್ಲಿರುವವರು ಹಿಂದೆ ಸಿಸೇರಿಯನ್ ಆದವರು. ಇಂದು ಚೊಚ್ಚಲ ಹೆರಿಗೆಯಲ್ಲಿ ಶಸ್ತ್ರಚಿಕಿತ್ಸೆಯಾದವಳು ಮುಂದಿನ ಬಾರಿ ಸಾಮಾನ್ಯವಾಗಿ ಈ ಗುಂಪಿಗೇ ಬರುತ್ತಾಳೆ. ಹೀಗೆ ಏರಿಕೆ ಏರಿಕೆಯನ್ನೇ ಹೆರುತ್ತದೆ. ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ ಎಂದು ಅಮೆರಿಕದ ಎಡ್ವಿನ್ ಕ್ರೇಗಿನ್ 1916ರಲ್ಲಿ ಹೇಳಿದ ಮಾತನ್ನು ಅನೇಕರು ನಿಯಮವೆಂದು ತಿಳಿದರು. ಆತನ ಉದ್ದೇಶವಾದರೋ, ಮೊದಲನೆಯದನ್ನು ಅನಗತ್ಯವಾಗಿ ಮಾಡಬೇಡಿರೆಂದು ಎಚ್ಚರಿಸುವುದಾಗಿತ್ತು.

ಪ್ರಮಾಣ ತೀರಾ ಕಡಿಮೆಯಿರುವುದೂ ಒಳ್ಳೆಯ ಲಕ್ಷಣವಲ್ಲ. ಅಗತ್ಯವಿರುವ ತಾಯಿಗೆ ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ಎರಡು ಜೀವಗಳಿಗೆ ಅಪಾಯ. ಅಗತ್ಯವಿರುವವಳಿಗೆ ಅದು ಸಕಾಲದಲ್ಲಿ ಸಿಗಬೇಕು, ಅಗತ್ಯವಿಲ್ಲದವಳಿಗೆ ಆ ಗಾಯ ತಪ್ಪಬೇಕು. ಇವೆರಡನ್ನೂ ಒಟ್ಟಿಗೆ ಸಾಧಿಸಬೇಕಾದರೆ ಎಷ್ಟು ಎಂದು ಎಣಿಸಿದರೆ ಸಾಲದು, ಯಾರಿಗೆ ಎಂದೂ ಕೇಳಬೇಕು.