ಪಿಯರ್ಸನ್ ಮಾಡಿಸಿದ ಚಾಕು

ಕುಷಾಯಿಗೂಡದ ಕಾರ್ಖಾನೆ ಬೀದಿಗಳಲ್ಲಿ ಲೋಹ ಕೊರೆಯುವ ಸದ್ದು ಕೇಳಿದಾಗಲೆಲ್ಲ ಲಂಡನ್ನಿನಲ್ಲಿ ತಯಾರಾದ ಪುಟ್ಟ ಚಾಕುವೊಂದು ನನಗೆ ನೆನಪಾಗುತ್ತದೆ. ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಕಳುಹಿಸಿದ್ದ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸುತ್ತಿದ್ದ ವೈದ್ಯ ಜಾರ್ಜ್ ಪಿಯರ್ಸನ್, ಅದರದೊಂದು ತುಂಡಿನಿಂದ ಲೇಖನಿ ಹೆರೆಯುವ ಚಾಕು ಮಾಡಿಕೊಡುವಂತೆ ಜೇಮ್ಸ್ ಸ್ಟೋಡಾರ್ಟ್ ಎಂಬ ಕುಶಲಕರ್ಮಿಯನ್ನು ಕೇಳಿದ. ಲೋಹ ಸುಲಭವಾಗಿ ಮಣಿಯಲಿಲ್ಲ. ಅತಿಯಾಗಿ ಕಾಯಿಸಿದರೆ ಸುತ್ತಿಗೆಯಡಿ ಪುಡಿಯಾಗುವ ಸ್ವಭಾವ ಅದರದು. ಕತ್ತಲಲ್ಲಷ್ಟೇ ಕಾಣುವ ಮಂದಗೆಂಪಿನಲ್ಲಿ ಬಡಿಯಬೇಕಾಯಿತು. ಆದರೆ ಮೂಡಿದ ಅಲಗು ಅಲ್ಲಿನ ಅತ್ಯುತ್ತಮ ಚಾಕುಗಳಿಗೆ ಸರಿಗಟ್ಟಿತು. ಹಲವು ಕೆಲಸಗಳಿಗೆ ತಮ್ಮ ನಾಡಿನ ಉಕ್ಕಿಗಿಂತ ಇದೇ ಮೇಲೆಂದು ಸ್ಟೋಡಾರ್ಟ್ ಒಪ್ಪಿಕೊಂಡ.

1795ರಲ್ಲಿ ರಾಯಲ್ ಸೊಸೈಟಿಯಿಂದ ಪ್ರಕಟವಾದ ಪಿಯರ್ಸನ್ನನ ಪ್ರಬಂಧ ಈ ಲೋಹವನ್ನು ‘ವೂಟ್ಜ್’ ಎನ್ನುತ್ತದೆ. ನಮ್ಮ ‘ಉಕ್ಕು’ ಎಂಬ ಮಾತೇ ಹಾಗೆ ತಿರುಚಿಕೊಂಡಿತೆಂಬುದು ವಿದ್ವಾಂಸರ ಬಹುಮಾನ್ಯ ಅಭಿಪ್ರಾಯ. (ಬರೆದವರ ಕೈತಪ್ಪೋ, ಕೇಳಿದವರ ಕಿವಿತಪ್ಪೋ!) ಅದರಲ್ಲಿ ಗಟ್ಟಿ ಕಳುಹಿಸಿದವನ ಹೆಸರಿದೆ, ಚಾಕು ಬಡಿದವನ ಹೆಸರಿದೆ, ಮೂಸೆಯ ಮುಂದೆ ಕುಳಿತು ಉಕ್ಕು ಕರಗಿಸಿದವನ ಹೆಸರಿಲ್ಲ.

ಇದೇ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂನಲ್ಲೂ ಅಂಥ ಮೂಸೆಗಳು ಉರಿಯುತ್ತಿದ್ದವು. ಪರ್ಶಿಯಾದ ವರ್ತಕರು ಅಲ್ಲಿಗೇ ಬಂದು ಉಕ್ಕು ಕೊಳ್ಳುತ್ತಿದ್ದರು. ಆ ಕುಲುಮೆಯವರ ಹೆಸರು ಅವರಿಗಾದರೂ ಗೊತ್ತಿದ್ದಿರಬೇಕು.