ಕಾಣದ ಗ್ರಹ, ಕಾಣದ ದ್ರವ್ಯ

ಲೆಕ್ಕ ತಾಳೆಯಾಗದಿದ್ದಾಗ ಎರಡು ಅನುಮಾನ ಹುಟ್ಟುತ್ತವೆ. ಯಾವುದೋ ಬಾಬ್ತು ಬರೆಯದೆ ಬಿಟ್ಟುಹೋಗಿರಬೇಕು; ಇಲ್ಲವೇ ಲೆಕ್ಕದ ಸೂತ್ರವೇ ಸರಿಯಿಲ್ಲ. ಗುರುತ್ವದ ವಿಷಯದಲ್ಲಿ ಖಗೋಳಜ್ಞರು ಈ ಇಕ್ಕಟ್ಟಿಗೆ ಸಿಲುಕಿರುವುದು ಇದೇ ಮೊದಲಲ್ಲ.

1781ರಲ್ಲಿ ಪತ್ತೆಯಾದ ಯುರೇನಸ್, ನ್ಯೂಟನ್ನನ ನಿಯಮ ಹೇಳಿದ ದಾರಿಯಲ್ಲಿ ನಡೆಯುತ್ತಿರಲಿಲ್ಲ. ಅದನ್ನು ಎಳೆಯುವ ಇನ್ನೊಂದು ಗ್ರಹ ಇರಬೇಕೆಂದು ಫ್ರಾನ್ಸಿನ ಲೆವೆರಿಯೆ ಕಾಗದದ ಮೇಲೆಯೇ ಅದರ ಸ್ಥಾನ ಗುಣಿಸಿ ಬರ್ಲಿನ್ನಿಗೆ ಪತ್ರ ಬರೆದ. ಪತ್ರ ಕೈಸೇರಿದ ರಾತ್ರಿಯೇ, 1846ರ ಸೆಪ್ಟೆಂಬರ್ 23ರಂದು, ಯೋಹಾನ್ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು!

ಗೆದ್ದ ಉಪಾಯವನ್ನು ಬಿಡುವವರು ಯಾರು? ಬುಧನ ಕಕ್ಷೆಯೂ ಲೆಕ್ಕಕ್ಕಿಂತ ತುಸು ಹೆಚ್ಚು ಹೊರಳುತ್ತಿತ್ತು. ಸೂರ್ಯನ ಸಮೀಪ ಇನ್ನೂ ಏನೋ ಸುತ್ತುತ್ತಿರಬೇಕೆಂದು ಲೆವೆರಿಯೆ 1859ರಲ್ಲಿ ಸಾರಿದ. ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕೆ ಸರಿದದ್ದನ್ನು ತಾನು ನೋಡಿದ್ದಾಗಿ ಲೆಸ್ಕಾರ್ಬೊ ಎಂಬ ಹಳ್ಳಿಯ ವೈದ್ಯ ತಿಳಿಸಿದ. ಲೆವೆರಿಯೆ ಅವನಿದ್ದಲ್ಲಿಗೇ ಹೋಗಿ, ಪಾಟೀಸವಾಲು ಮಾಡಿ, ನಂಬಿಬಿಟ್ಟ. ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ವೈದ್ಯನಿಗೆ ಸರ್ಕಾರದ ಗೌರವವೂ ಸಂದವು. 1878ರ ಸೂರ್ಯಗ್ರಹಣದಲ್ಲಿ ಅಮೆರಿಕದ ಇಬ್ಬರು ‘ಕಂಡೆವು’ ಎಂದರೂ ಆ ಮಾತು ನಿಲ್ಲಲಿಲ್ಲ. ಇಲ್ಲದ ಗ್ರಹ ಕಾಣುವುದಾದರೂ ಹೇಗೆ? ಶತಮಾನಕ್ಕೆ ಕೇವಲ 43 ಸೆಕೆಂಡು ಕೋನದ ಆ ವ್ಯತ್ಯಾಸಕ್ಕೆ ಯಾವ ಗ್ರಹವೂ ಬೇಕಿಲ್ಲವೆಂದು 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ತೋರಿಸಿದ. ಈ ಸಲ ಬದಲಾದದ್ದು ಸೂತ್ರ.

ಈಗಿನ ತಕರಾರು ಗೆಲಾಕ್ಸಿಗಳದ್ದು. ಕೋಮಾ ಗುಚ್ಛದ ಗೆಲಾಕ್ಸಿಗಳು, ಕಾಣುವ ದ್ರವ್ಯವಷ್ಟೇ ಹಿಡಿದಿಡಲಾಗದ ವೇಗದಲ್ಲಿ ಓಡುತ್ತಿರುವುದನ್ನು 1933ರಲ್ಲಿ ಫ್ರಿಟ್ಸ್ ಜ್ವಿಕಿ ಗುರುತಿಸಿದ. ಸೂರ್ಯನಿಂದ ದೂರವಿರುವ ಗ್ರಹ ನಿಧಾನವಾಗಿ ಸುತ್ತುತ್ತದೆ. ಸುರುಳಿ ಗೆಲಾಕ್ಸಿಗಳ ಹೊರವಲಯದಲ್ಲಿ ಈ ರೂಢಿ ನಡೆಯದೆಂದು 1970ರ ದಶಕದಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಕಂಡುಕೊಂಡರು. ಸಾಮಾನ್ಯ ದ್ರವ್ಯದ ಐದು ಪಟ್ಟು ‘ಕಪ್ಪು ದ್ರವ್ಯ’ ವಿಶ್ವದಲ್ಲಿದೆ ಎಂಬುದು ಬಹುಪಾಲು ವಿಜ್ಞಾನಿಗಳ ಉತ್ತರ. ಎಳೆತ ತೀರಾ ದುರ್ಬಲವಾದಲ್ಲಿ ನಿಯಮವೇ ಬೇರೆ ಎಂಬುದು ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೋಮ್ 1983ರಲ್ಲಿ ಮಂಡಿಸಿದ ವಾದ. ಬಿಡಿ ಗೆಲಾಕ್ಸಿಗಳಲ್ಲಿ ಅದು ಅಚ್ಚರಿಯೆನಿಸುವಷ್ಟು ಹೊಂದುತ್ತದೆ, ಗುಚ್ಛಗಳಲ್ಲಿ ಎಡವುತ್ತದೆ. ಎರಡು ಗುಚ್ಛಗಳು ಡಿಕ್ಕಿ ಹೊಡೆದಿರುವ ‘ಬುಲೆಟ್’ ಗುಚ್ಛದಲ್ಲಿ ಅನಿಲ ನಡುವೆ ಹಿಂದುಳಿದಿದೆ, ಹೆಚ್ಚಿನ ರಾಶಿ ಮುಂದೆ ಸಾಗಿದೆ ಎಂಬ 2006ರ ವರದಿ ಕಪ್ಪು ದ್ರವ್ಯದ ಪಕ್ಷಕ್ಕೆ ಬಲ ತಂದಿತು.

ಆದರೂ ಆ ದ್ರವ್ಯದ ಒಂದು ಕಣವೂ ಕೈಗೆ ಸಿಕ್ಕಿಲ್ಲ. ಅಮೆರಿಕದ ದಕ್ಷಿಣ ಡಕೋಟದ ಹಳೆಯ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ತುಂಬಿಟ್ಟು ಕಾಯುತ್ತಿರುವವರಿಗೂ ಅದು ದಕ್ಕಿಲ್ಲ. ವಿಶ್ವ ಹಿಗ್ಗುವ ವೇಗವೇ ಹೆಚ್ಚುತ್ತಿದೆಯೆಂದು 1998ರಲ್ಲಿ ತಿಳಿದ ಮೇಲೆ ‘ಕಪ್ಪು ಶಕ್ತಿ’ ಎಂಬ ಇನ್ನೊಂದು ಬಾಬ್ತೂ ಲೆಕ್ಕಕ್ಕೆ ಸೇರಿದೆ. ಅದಂತೂ ಇದಕ್ಕಿಂತ ದೊಡ್ಡ ಮೊತ್ತ.